ರಜೆಗೆ ವಂಡರ್‌ಲಾ ಹೋಗ್ಬೇಕಾ? ತುಮಕೂರು, ಗುಬ್ಬಿ, ಕುಣಿಗಲ್‌ನವರು ಹೊರಡೋ ಮುಂಚೆ ಇದನ್ನ ಓದಿ

ತುಮಕೂರು: ದಸರಾ ರಜೆ ಬಂತು ಅಂದ್ರೆ, ಏಪ್ರಿಲ್‌ನಲ್ಲಿ ಪರೀಕ್ಷೆ ಮುಗೀತು ಅಂದ್ರೆ ಮಕ್ಕಳ ಬಾಯಲ್ಲಿ ಒಂದೇ ಮಾತು. ‘ಅಪ್ಪಾ, ವಂಡರ್‌ಲಾಗೆ ಯಾವಾಗ?’ ಅಪ್ಪ ಅಂಗಡಿ ಇಟ್ಟವರಾದರೆ ಒಂದು ದಿನ ಬಾಗಿಲು ಹಾಕಬೇಕು. ಅಡಿಕೆ ತೋಟದವರಾದರೆ ದಸರಾ ಹೊತ್ತಿಗೆ ಕೊನೆ ಇಳಿಸುವ ಕೆಲಸ ಶುರುವಾಗಿರುತ್ತೆ. ಕಷ್ಟಪಟ್ಟು ಒಂದು ದಿನ ಹೊಂದಿಸಿಕೊಂಡು ಹೋದ ಮೇಲೆ ಗೇಟಲ್ಲಿ ‘ಈ ಹುಡುಗನಿಗೆ ದೊಡ್ಡವರ ಟಿಕೆಟ್’ ಅನ್ನೋದು, ಒಳಗೆ ‘ಈ ಬಟ್ಟೇಲಿ ನೀರಿಗೆ ಇಳಿಯಂಗಿಲ್ಲ’ ಅನ್ನೋದು, ಸಂಜೆ ಬಸ್ ಸಿಗದೆ ಮಕ್ಕಳನ್ನ ಎತ್ತಿಕೊಂಡು ನಿಲ್ಲೋದು. ಇದೆಲ್ಲ ಮೊದಲೇ ಗೊತ್ತಿದ್ದರೆ ತಪ್ಪಿಸಿಕೊಳ್ಳಬಹುದಾದ ಸಂಗತಿ. ಪಾರ್ಕ್ ಒಂದು ದಿನ, ಜಿಲ್ಲೆಯ ಸುತ್ತಮುತ್ತ ಇನ್ನೊಂದು ದಿನ ಅಂತ ಇಟ್ಟುಕೊಂಡರೆ ಹೇಗೆ ಹೊಂದಿಸಬಹುದು ಅನ್ನೋದರ ವಿವರ ಇಲ್ಲಿದೆ.

ಇರೋದು ಯಾವ ಪಾರ್ಕ್?

ತುಮಕೂರು ಜಿಲ್ಲೆಯವರು ‘ಪಾರ್ಕ್’ ಅಂದರೆ ಸಾಮಾನ್ಯವಾಗಿ ಬಿಡದಿ ಹತ್ತಿರದ ವಂಡರ್‌ಲಾ ಅಂತಲೇ ಅರ್ಥ. ಕೇರಳದ ಕೊಚ್ಚಿಯಲ್ಲಿ 2000ದಲ್ಲಿ ‘ವೀಗಾಲ್ಯಾಂಡ್’ ಹೆಸರಲ್ಲಿ ಪಾರ್ಕ್ ಶುರು ಮಾಡಿದ್ದ ಕೊಚೌಸೇಫ್ ಚಿಟ್ಟಿಲಪ್ಪಿಳ್ಳಿ (ಮನೆಗಳಲ್ಲಿ ಇರೋ ವಿ-ಗಾರ್ಡ್ ಸ್ಟೆಬಿಲೈಸರ್ ಕಂಪನಿಯ ಸ್ಥಾಪಕರು ಇವರೇ) 2005ರಲ್ಲಿ ಮೈಸೂರು ರಸ್ತೆಯಲ್ಲಿ ಇದನ್ನ ತೆರೆದರು. ಸುಮಾರು 82 ಎಕರೆ ಜಾಗ. ಒಣ ಆಟ, ನೀರಿನ ಆಟ ಎರಡೂ ಒಂದೇ ಟಿಕೆಟ್‌ನಲ್ಲಿ. ಜಾತ್ರೆಯಲ್ಲಿ ಜಾಯಿಂಟ್ ವೀಲ್‌ಗೆ ಇಷ್ಟು, ಕೊಲಂಬಸ್‌ಗೆ ಇಷ್ಟು ಅಂತ ಪ್ರತಿ ಸಲ ಕೊಟ್ಟಂಗಲ್ಲ. ಒಳಗೆ ಹೋದ ಮೇಲೆ ಒಂದೇ ಆಟವನ್ನ ಹತ್ತು ಸಲ ಆಡಿದರೂ ಯಾರೂ ಕೇಳಲ್ಲ.

ಅದೇ ಬಿಡದಿ ಕಡೆ ಹಳಬರು ‘ಇನ್ನೋವೇಟಿವ್ ಫಿಲ್ಮ್ ಸಿಟಿ’ ಅಂತ ಕರೀತಿದ್ದ ಜಾಗ ಈಗ ‘ಜಾಲಿವುಡ್’. ಬಿಗ್‌ಬಾಸ್ ಮನೆ ಇರೋದು ಅಲ್ಲೇ ಅಂತ ಮಕ್ಕಳಿಗೂ ಗೊತ್ತು. 2025ರ ಅಕ್ಟೋಬರ್‌ನಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಆದೇಶದ ಮೇಲೆ ಅಲ್ಲಿಗೆ ಬೀಗ ಬಿದ್ದು, ಕೆಲವೇ ದಿನದಲ್ಲಿ ತೆರೆದಿದ್ದು ಸುದ್ದಿಯಾಗಿತ್ತು. ಹಾಗಾಗಿ ಅಲ್ಲಿಗೆ ಹೋಗೋರು ಹೊರಡುವ ದಿನ ಬೆಳಗ್ಗೆ ಒಂದು ಫೋನ್ ಮಾಡಿ ತೆರೆದಿದೆಯಾ ಅಂತ ಕೇಳಿಕೊಳ್ಳೋದು ವಾಸಿ.

ಮೈಸೂರಿನ ಕೆಆರ್‌ಎಸ್ ರಸ್ತೆಯಲ್ಲಿ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಇದೆ. ತುಮಕೂರಿಂದ ಒಂದೇ ದಿನದಲ್ಲಿ ಹೋಗಿ ಬರ್ತೀವಿ ಅಂದರೆ ಮಕ್ಕಳು ಗಾಡಿಯಲ್ಲೇ ಸುಸ್ತಾಗ್ತಾರೆ. ಮೈಸೂರಲ್ಲಿ ಒಂದು ರಾತ್ರಿ ಉಳಿಯೋ ಯೋಚನೆ ಇದ್ದರೆ, ಮೃಗಾಲಯ, ಅರಮನೆ, ಬೃಂದಾವನ ಸೇರಿಸಿಕೊಂಡು ಆಗ ಹೋಗಿ. ಕುಣಿಗಲ್‌ನವರಿಗೆ ಹುಲಿಯೂರುದುರ್ಗ, ಮದ್ದೂರು ಮೇಲೆ ನೇರ ದಾರಿ. ಬೆಂಗಳೂರು ಟ್ರಾಫಿಕ್ ಮುಖ ನೋಡೋ ಹಂಗಿಲ್ಲ, ಮದ್ದೂರಲ್ಲಿ ವಡೆ ಬೇರೆ.

ದಾರಿ: ಮೂರು ಊರಿಗೆ ಮೂರು ತರ

ಈ ವಿಷಯದಲ್ಲಿ ಅದೃಷ್ಟವಂತರು ಕುಣಿಗಲ್‌ನವರು. ಮಾಗಡಿ ಮೇಲೆ ಬಿಡದಿಗೆ ಇಳಿದರೆ 60 ಕಿ.ಮೀ. ಆಸುಪಾಸು. ನೆಲಮಂಗಲವೂ ಬೇಡ, ಬೆಂಗಳೂರೂ ಬೇಡ. ದಾರಿಯಲ್ಲಿ ಹುತ್ರಿದುರ್ಗ ಬೆಟ್ಟ ಕಾಣುತ್ತೆ, ಮಾಗಡಿಯಲ್ಲಿ ರಂಗನಾಥಸ್ವಾಮಿ ದೇವಸ್ಥಾನ ಇದೆ. ಆದರೆ ಮಾಗಡಿಯಿಂದ ಆಚೆ ತಿರುವು ಜಾಸ್ತಿ, ರಾತ್ರಿ ದೀಪ ಕಡಿಮೆ. ಹೋಗುವಾಗ ಈ ದಾರಿ, ಬರುವಾಗ ಕತ್ತಲಾಗಿದ್ದರೆ ಹೆದ್ದಾರಿ ಹಿಡಿಯೋದು ಒಳ್ಳೆಯದು.

ತುಮಕೂರಿನವರಿಗೆ ಎರಡು ಆಯ್ಕೆ. ಕಾರು ಇದ್ದರೆ ನೆಲಮಂಗಲ ದಾಟಿ ಮಾದಾವರ ಹತ್ತಿರ ನೈಸ್ ರಸ್ತೆ ಹತ್ತಿ ಮೈಸೂರು ರಸ್ತೆಗೆ ಇಳಿಯೋದು ಒಂದು. ಕುಣಿಗಲ್‌ಗೆ ಬಂದು ಮಾಗಡಿ ಮೇಲೆ ಹೋಗೋದು ಇನ್ನೊಂದು. ಎರಡೂ ಹತ್ತಿರ ಹತ್ತಿರ 90 ಕಿ.ಮೀ. ಮೊದಲನೆಯದರಲ್ಲಿ ಟೋಲ್ ಮೇಲೆ ಟೋಲ್, ಆದರೆ ರಸ್ತೆ ಅಗಲ. ಎರಡನೆಯದರಲ್ಲಿ ದುಡ್ಡು ಉಳಿಯುತ್ತೆ, ನಿಧಾನ. ಮಕ್ಕಳಿಗೆ ಗಾಡಿಯಲ್ಲಿ ವಾಂತಿಯಾಗೋ ಅಭ್ಯಾಸ ಇದ್ದರೆ ಮೊದಲನೆಯದೇ ಸರಿ.

ಗುಬ್ಬಿಯವರು ಇನ್ನೊಂದು 20 ಕಿ.ಮೀ. ಕೂಡಿಸಿಕೊಳ್ಳಬೇಕು. ಬೆಳಗ್ಗೆ ಆರೂವರೆಗೆ ಗುಬ್ಬಿ ಬಿಟ್ಟರೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ನಿಧಾನವಾಗಿ ಹೋದರೂ ಪಾರ್ಕ್ ಬಾಗಿಲು ತೆಗೆಯೋ ಹೊತ್ತಿಗೆ ತಲುಪಬಹುದು. ಬಿಡದಿಯಲ್ಲೂ ತಟ್ಟೆ ಇಡ್ಲಿ ಫೇಮಸ್ಸೇ. ಆದರೆ ಆ ಮಾತು ಕ್ಯಾತ್ಸಂದ್ರದಲ್ಲಿ ಎತ್ತಬೇಡಿ.

ಬಸ್ಸು, ರೈಲಲ್ಲಿ ಹೋಗೋರು ಹೀಗೆ ಮಾಡಬಹುದು. ತುಮಕೂರಿಂದ ಬೆಂಗಳೂರಿಗೆ ಕೆಎಸ್‌ಆರ್‌ಟಿಸಿ ಬಸ್ಸಿಗೆ ಕೊರತೆ ಇಲ್ಲ. ಮೆಜೆಸ್ಟಿಕ್‌ವರೆಗೆ ಟ್ರಾಫಿಕ್‌ನಲ್ಲಿ ಕೂರೋ ಬದಲು ಗೊರಗುಂಟೆಪಾಳ್ಯದಲ್ಲಿ ಇಳಿದು ಮೆಟ್ರೊ ಹಸಿರು ಮಾರ್ಗ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಕೆಂಗೇರಿ ಅಥವಾ ಕೊನೆಯ ಚಲ್ಲಘಟ್ಟ ಸ್ಟೇಷನ್‌ನಲ್ಲಿ ಇಳಿಯಬಹುದು. 2024ರ ನವೆಂಬರ್‌ನಿಂದ ಹಸಿರು ಮಾರ್ಗ ತುಮಕೂರು ರಸ್ತೆಯ ಮಾದಾವರದವರೆಗೂ ಬಂದಿದೆ. ಬಸ್ ಅಲ್ಲಿ ನಿಲ್ಲಿಸುತ್ತಾ ಅಂತ ಕಂಡಕ್ಟರ್‌ನ ಹತ್ತುವಾಗಲೇ ಕೇಳಿ, ನಾನ್‌ಸ್ಟಾಪ್ ಎಲ್ಲವೂ ನಿಲ್ಲಿಸಲ್ಲ. ಕೆಂಗೇರಿಯಿಂದ ಬಿಡದಿ ಕಡೆಗೆ ಬಿಎಂಟಿಸಿ ಬಸ್ಸು ಸಿಗುತ್ತೆ. ರೈಲಾದರೆ ಗುಬ್ಬಿ, ತುಮಕೂರಿಂದ ಬೆಂಗಳೂರು ಮುಖ್ಯ ನಿಲ್ದಾಣ, ಅಲ್ಲಿಂದ ಮೈಸೂರು ಕಡೆ ಹೋಗೋ ಪ್ಯಾಸೆಂಜರ್ ಅಥವಾ ಮೆಮು ಹಿಡಿದು ಬಿಡದಿ. ಎಕ್ಸ್‌ಪ್ರೆಸ್‌ಗಳು ಬಹುತೇಕ ಬಿಡದಿಯಲ್ಲಿ ನಿಲ್ಲಲ್ಲ, ಗೊತ್ತಿರಲಿ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆಯಲ್ಲ, ಹೆಂಗಸರು, ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಬಿಎಂಟಿಸಿಯಲ್ಲೂ ಅಷ್ಟೇ. ರಾಜಹಂಸ, ಐರಾವತಕ್ಕೆ ಅನ್ವಯಿಸಲ್ಲ. ಅಜ್ಜಿ, ಅಮ್ಮ, ಮಗಳು ಮೂರೂ ಜನ ಹೊರಟರೆ ಬಸ್ ಖರ್ಚು ಗಂಡಸರದ್ದು ಮಾತ್ರ. ಆಧಾರ್ ಕಾರ್ಡ್ ಚೀಲದಲ್ಲಿರಲಿ, ಪಾರ್ಕಿನ ಗೇಟಲ್ಲೂ ಅದು ಬೇಕಾಗಬಹುದು.

ಬೈಕಲ್ಲಿ ಹೋಗೋ ಹುಡುಗರಿಗೆ ಒಂದು ಮಾತು. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್‌ಗೆ ಪ್ರವೇಶ ಇಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ಗಾಡಿ ಬಾಡಿಗೆಗೆ ಹಿಡಿಯೋರು ನೋಡಿ

ಎರಡು ಮೂರು ಮನೆಯವರು ಸೇರಿ ಟಿಟಿ ಅಥವಾ ಕ್ರೂಸರ್ ಮಾಡಿಕೊಂಡು ಹೋಗೋದು ನಮ್ಮ ಕಡೆ ರೂಢಿ. ತಲೆಗೆ ಹಂಚಿದರೆ ಬಸ್ಸಿಗಿಂತ ಸ್ವಲ್ಪ ಹೆಚ್ಚು ಅಷ್ಟೇ. ಆದರೆ ಗಾಡಿ ಹಳದಿ ಬೋರ್ಡಿನದಾ ಅಂತ ನೋಡಿ. ಗೊತ್ತಿರೋರ ವೈಟ್ ಬೋರ್ಡ್ ಗಾಡಿ ಕಡಿಮೆಗೆ ಸಿಗುತ್ತೆ ನಿಜ. ಅಪಘಾತ ಆದರೆ ‘ಸ್ವಂತ ಬಳಕೆಯ ಗಾಡಿ ಬಾಡಿಗೆಗೆ ಓಡಿಸಿದ್ದೀರಿ’ ಅಂತ ವಿಮೆಯವರು ತಕರಾರು ತೆಗೆಯೋದು ಇಲ್ಲೇ. ಸೀಟು ಎಷ್ಟಿದೆಯೋ ಅಷ್ಟೇ ಜನ ಹತ್ತಬೇಕು. ‘ಮಕ್ಕಳು ತಾನೇ, ತೊಡೆ ಮೇಲೆ ಕೂರಿಸ್ಕೊಂಡ್ರಾಯ್ತು’ ಅನ್ನೋ ಮಾತು ಬೇಡ. 2022ರ ಆಗಸ್ಟ್‌ನಲ್ಲಿ ಶಿರಾ ತಾಲ್ಲೂಕು ಕಳ್ಳಂಬೆಳ್ಳ ಹತ್ತಿರ ಇಪ್ಪತ್ತಕ್ಕೂ ಹೆಚ್ಚು ಜನ ತುಂಬಿದ್ದ ಕ್ರೂಸರ್ ಲಾರಿಗೆ ಸಿಕ್ಕಿ 9 ಜನ ಸತ್ತರು. ಲಗೇಜ್ ಆಟೊದಲ್ಲಿ, ಟಾಟಾ ಏಸ್‌ನಲ್ಲಿ ಜಮಖಾನ ಹಾಸಿಕೊಂಡು ಹೋಗೋದಂತೂ ಬೇಡವೇ ಬೇಡ.

ಡ್ರೈವರ್ ಇಡೀ ದಿನ ಪಾರ್ಕಿಂಗ್‌ನಲ್ಲಿ ಬಿಸಿಲಿಗೆ ಕಾಯ್ತಿರ್ತಾನೆ. ಅವನಿಗೆ ಊಟದ ದುಡ್ಡು ಮೊದಲೇ ಕೊಟ್ಟು, ಮಧ್ಯಾಹ್ನ ಮಲಗು ಅಂತ ಹೇಳಿ. ರಾತ್ರಿ ನಿಮ್ಮನ್ನ ವಾಪಸ್ ಕರ್ಕೊಂಡು ಬರೋನು ಅವನೇ.

ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ

ಹೆಚ್ಚು ಜನ ಎಡವೋದು ಇಲ್ಲೇ. ಬಸ್ಸಲ್ಲಿ, ರೈಲಲ್ಲಿ ಮಕ್ಕಳಿಗೆ 12 ವರ್ಷದವರೆಗೆ ಅರ್ಧ ಟಿಕೆಟ್. ಪಾರ್ಕಲ್ಲಿ ಹಾಗಲ್ಲ. 85 ಸೆಂ.ಮೀ.ಗಿಂತ ಕುಳ್ಳಗಿರೋ ಮಗುವಿಗೆ ಟಿಕೆಟ್ ಇಲ್ಲ. 85ರಿಂದ 140 ಸೆಂ.ಮೀ.ವರೆಗೆ ಮಕ್ಕಳ ಟಿಕೆಟ್. ಅದಕ್ಕಿಂತ ಎತ್ತರ ಇದ್ದರೆ ದೊಡ್ಡವರ ಟಿಕೆಟ್. ವಯಸ್ಸು ಎಷ್ಟಾದರೂ ಇರಲಿ, ಗೇಟಲ್ಲಿ ಅಳತೆಗೆ ನಿಲ್ಲಿಸ್ತಾರೆ.

140 ಸೆಂ.ಮೀ. ಅಂದರೆ ನಾಲ್ಕಡಿ ಏಳಂಗುಲ. ಆರನೇ, ಏಳನೇ ಕ್ಲಾಸಿನ ಎಷ್ಟೋ ಮಕ್ಕಳು ಇದನ್ನ ದಾಟಿರ್ತಾರೆ. ಹಿಂದಿನ ದಿನವೇ ಟೈಲರ್ ಹತ್ತಿರ ಟೇಪ್ ಇಸ್ಕೊಂಡು, ಚಪ್ಪಲಿ ಬಿಚ್ಚಿಸಿ, ಗೋಡೆಗೆ ನಿಲ್ಲಿಸಿ ಅಳೆದು ಬಿಡಿ. ಒಂದು ಮನೆಯ ಲೆಕ್ಕ ನೋಡೋಣ. ಗಂಡ, ಹೆಂಡತಿ, 62 ವರ್ಷದ ಅಜ್ಜಿ, 145 ಸೆಂ.ಮೀ. ಇರೋ ಹನ್ನೆರಡು ವರ್ಷದ ಮಗ, 118 ಸೆಂ.ಮೀ. ಇರೋ ಏಳು ವರ್ಷದ ಮಗಳು. ಮನೇಲಿ ಕೂತು ಲೆಕ್ಕ ಹಾಕಿದಾಗ ‘ಮೂರು ದೊಡ್ಡದು, ಎರಡು ಚಿಕ್ಕದು’. ಗೇಟಲ್ಲಿ ನಾಲ್ಕು ದೊಡ್ಡದು, ಒಂದೇ ಚಿಕ್ಕದು. ದೊಡ್ಡವರ ಟಿಕೆಟ್ ಸಾವಿರ ದಾಟಿರೋ ಕಾಲದಲ್ಲಿ ಈ ವ್ಯತ್ಯಾಸ ಚಿಕ್ಕದಲ್ಲ.

ಇದಕ್ಕೇ ಅಂಟಿಕೊಂಡಿರೋ ಇನ್ನೊಂದು ಸಂಗತಿ: ಜೋರು ರೈಡ್‌ಗಳಿಗೆ ಕನಿಷ್ಠ ಎತ್ತರದ ನಿಯಮ ಇದೆ. ಮಕ್ಕಳ ಟಿಕೆಟ್‌ನಲ್ಲಿ ಬಂದ 135 ಸೆಂ.ಮೀ. ಹುಡುಗ, ಯೂಟ್ಯೂಬ್‌ನಲ್ಲಿ ನೋಡಿಕೊಂಡು ಬಂದ ರೋಲರ್ ಕೋಸ್ಟರ್ ಮುಂದೆ ಅರ್ಧ ಗಂಟೆ ಸಾಲಲ್ಲಿ ನಿಂತು, ಕೊನೇಲಿ ‘ನಿನಗೆ ಆಗಲ್ಲ’ ಅನ್ನಿಸಿಕೊಂಡರೆ ಅಳದೆ ಇನ್ನೇನು ಮಾಡ್ತಾನೆ? ಯಾವ ರೈಡ್‌ಗೆ ಎಷ್ಟು ಎತ್ತರ ಅಂತ ಪಾರ್ಕಿನ ವೆಬ್‌ಸೈಟಲ್ಲೂ, ಪ್ರತಿ ರೈಡ್ ಮುಂದಿನ ಬೋರ್ಡಲ್ಲೂ ಇರುತ್ತೆ. ಮನೇಲೇ ಹೇಳಿ ಕರ್ಕೊಂಡು ಹೋಗಿ. ಎತ್ತರ ಸಾಲದ ಮಕ್ಕಳಿದ್ದರೆ ಒಂದು ವರ್ಷ ಬಿಟ್ಟು ಹೋಗೋದೂ ತಪ್ಪಲ್ಲ.

ಅಜ್ಜಿ, ತಾತ ರೈಡ್ ಹತ್ತಲಿ ಬಿಡಲಿ, ಒಳಗೆ ಬರಬೇಕು ಅಂದರೆ ಟಿಕೆಟ್ ಆಗಲೇಬೇಕು. 60 ದಾಟಿದವರಿಗೆ ರಿಯಾಯಿತಿ ಕೊಡೋ ಪದ್ಧತಿ ಇದೆ, ಆಧಾರ್ ತೋರಿಸಬೇಕು. ಕಾಲೇಜು ಮಕ್ಕಳಿಗೂ ಐಡಿ ಕಾರ್ಡ್ ಮೇಲೆ ಕಡಿಮೆ ಇರುತ್ತೆ, ಒರಿಜಿನಲ್ ಕಾರ್ಡೇ ಬೇಕು, ಮೊಬೈಲಲ್ಲಿರೋ ಫೋಟೊ ಸಾಲದು. ಶಾಲೆ, ಸಂಘದವರು ಗುಂಪಾಗಿ ಹೋಗೋದಾದರೆ ಮೊದಲೇ ಫೋನ್ ಮಾಡಿ ಗುಂಪಿನ ದರ ಕೇಳಿ. ಈ ರಿಯಾಯಿತಿಗಳು ಆಗಾಗ ಬದಲಾಗ್ತಾವೆ, ಕೆಲವು ಆನ್‌ಲೈನ್ ಬುಕ್ ಮಾಡಿದವರಿಗೆ ಮಾತ್ರ. ಹೊರಡೋ ವಾರ ನೋಡಿಕೊಂಡರೆ ಸಾಕು.

ದರ ವಾರದ ದಿನ ಒಂದು, ಶನಿವಾರ, ಭಾನುವಾರ, ರಜೆ ದಿನ ಇನ್ನೊಂದು. ಅಂಗಡಿಯವರು ಭಾನುವಾರವೇ ಬಿಡುವು ಅಂತ ಅವತ್ತೇ ಹೋಗ್ತಾರೆ. ದರವೂ ಜಾಸ್ತಿ, ಸಾಲೂ ಜಾಸ್ತಿ. ದುಡ್ಡು ಕೊಟ್ಟು ಇಡೀ ದಿನದಲ್ಲಿ ಐದಾರು ರೈಡ್ ಆಡಿ ಬರೋ ಬದಲು, ವ್ಯಾಪಾರ ಕಡಿಮೆ ಇರೋ ಒಂದು ವಾರದ ದಿನ ಅಂಗಡಿ ಮುಚ್ಚಿ ಹೋದರೆ ಟಿಕೆಟ್‌ನಲ್ಲಿ ಉಳಿಯೋ ದುಡ್ಡೇ ಅರ್ಧ ದಿನದ ವ್ಯಾಪಾರ ತುಂಬಿಕೊಡಬಹುದು. ಈ ಲೆಕ್ಕ ಎಲ್ಲರಿಗೂ ಕೂಡಿ ಬರಲ್ಲ, ಐದಾರು ಜನರ ಮನೆಯಾದರೆ ಮಾತ್ರ ಹಾಕಿ ನೋಡಿ. ಡಿಸೆಂಬರ್ ಆಸುಪಾಸಿನಲ್ಲಿ ಮಾತ್ರ ವಾರದ ದಿನವೂ ಬಿಡುವಿರಲ್ಲ. ಶಾಲಾ ಪ್ರವಾಸದ ಬಸ್ಸುಗಳೇ ಸಾಲಾಗಿ ನಿಂತಿರ್ತಾವೆ.

ಟಿಕೆಟ್ ಮೇಲೆ ಜಿಎಸ್‌ಟಿ ಇದೆ. ಶುರುವಲ್ಲಿ ಶೇ 28 ಇದ್ದಿದ್ದು 2018ರ ಜನವರಿಯಲ್ಲಿ ಶೇ 18ಕ್ಕೆ ಇಳೀತು. ಜಾಹೀರಾತಲ್ಲಿ ಕಾಣೋ ದರ ತೆರಿಗೆ ಸೇರಿದ್ದಾ, ಬಿಟ್ಟಿದ್ದಾ ಅಂತ ನೋಡಿಕೊಳ್ಳಿ. ಇನ್ನು ‘ಅರ್ಧ ದರಕ್ಕೆ ಟಿಕೆಟ್’ ಅಂತ ವಾಟ್ಸ್‌ಆ್ಯಪ್‌ಗೆ ಬರೋ ಲಿಂಕ್ ಒತ್ತಬೇಡಿ. ಪಾರ್ಕಿನ ಸ್ವಂತ ವೆಬ್‌ಸೈಟ್ ಅಥವಾ ಗೇಟು, ಎರಡೇ ಜಾಗ. ದುಡ್ಡು ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಬಟ್ಟೆ, ಬುತ್ತಿ, ಬಂಗಾರ

ನೀರಿನ ಆಟಕ್ಕೆ ನೈಲಾನ್ ಅಥವಾ ಲೈಕ್ರಾ ಬಟ್ಟೆ ಕಡ್ಡಾಯ. ಸೀರೆ, ಚೂಡಿದಾರ, ಜೀನ್ಸ್, ಕಾಟನ್ ಬನಿಯನ್, ಪಂಚೆ ಯಾವುದೂ ನಡೆಯಲ್ಲ. ಇದು ಸುಮ್ಮನೆ ಮಾಡಿದ ನಿಯಮ ಅಲ್ಲ. ಹತ್ತಿ ಬಟ್ಟೆ ನೀರು ಕುಡಿದು ಭಾರ ಆಗುತ್ತೆ, ನೂಲು ಬಿಟ್ಟು ಫಿಲ್ಟರ್‌ಗೆ ಸಿಕ್ಕಿಕೊಳ್ಳುತ್ತೆ, ಸೆರಗು ದುಪಟ್ಟಾ ಜಾರುಬಂಡೆಯಲ್ಲಿ ಸಿಕ್ಕಿದರೆ ಕುತ್ತಿಗೆಗೆ ಬರುತ್ತೆ. ಒಳಗೆ ಬಾಡಿಗೆಗೂ, ಕೊಳ್ಳಲೂ ಸಿಗುತ್ತೆ, ಊರಲ್ಲೇ ತಗೊಂಡು ಹೋದರೆ ಅಗ್ಗ. ಹೆಣ್ಣುಮಕ್ಕಳಿಗೆ ಪೂರ್ತಿ ತೋಳು, ಪೂರ್ತಿ ಕಾಲಿನ ಈಜುಡುಗೆ ಬಂದಿದೆ, ಸಂಕೋಚ ಪಡೋ ಹಂಗಿಲ್ಲ. ಎಂ.ಜಿ. ರಸ್ತೆಯ ಬಟ್ಟೆ ಅಂಗಡಿಯವರು ಏಪ್ರಿಲ್ ಮೊದಲ ವಾರ ಇದನ್ನ ತರಿಸಿಟ್ಟುಕೊಂಡರೆ ಕೇಳೋರು ಇದ್ದಾರೆ.

ಹೊರಗಿನ ಊಟ ಒಳಗೆ ಬಿಡಲ್ಲ, ಮಗುವಿನ ಆಹಾರ ಬಿಟ್ಟು. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋದರೆ ಗಾಡಿಯಲ್ಲೇ ಉಳಿಯುತ್ತೆ. ಮಧ್ಯಾಹ್ನ ಹೊರಗೆ ಬಂದು ತಿಂದು ಮತ್ತೆ ಒಳಗೆ ಹೋಗ್ತೀವಿ ಅನ್ನೋ ಲೆಕ್ಕ ಹಾಕಬೇಡಿ. ಬೆಳಗ್ಗೆ ದಾರಿಯಲ್ಲೇ ಹೊಟ್ಟೆ ತುಂಬ ತಿಂದು, ಒಳಗೆ ಒಂದು ಊಟ ಮಾಡಿ, ಕಟ್ಟಿದ ಬುತ್ತಿಯನ್ನ ಸಂಜೆ ಹೊರಬಂದ ಮೇಲೆ ಬಿಚ್ಚೋದು ಸರಿ. ನೀರಲ್ಲಿ ಆಡಿ ಬಂದ ಮಕ್ಕಳು ಆಗ ತಿನ್ನೋದನ್ನ ನೋಡಬೇಕು. ಚಿತ್ರಾನ್ನ ಸಂಜೆವರೆಗೆ ತಡೆಯುತ್ತೆ, ಬೇಸಿಗೆಯಲ್ಲಿ ಮೊಸರನ್ನ ಹುಳಿ ಬರುತ್ತೆ.

ಬಂಗಾರ ಮನೇಲೇ ಬಿಡಿ. ಕೊರಳ ಸರ, ಕಿವಿಯ ಜುಮುಕಿ, ಮಕ್ಕಳ ಕಾಲ್ಗೆಜ್ಜೆ ನೀರಲ್ಲಿ ಜಾರಿದರೆ ಹುಡುಕೋಕೆ ಆಗಲ್ಲ. ಮೊಬೈಲ್, ಪರ್ಸ್ ಇಡೋಕೆ ಬಾಡಿಗೆ ಲಾಕರ್ ಇದೆ, ಇಡೀ ಮನೆಗೆ ಒಂದು ಸಾಕು. ಕೀಲಿ ಯಾರ ಹತ್ತಿರ ಅನ್ನೋದು ಮೊದಲೇ ತೀರ್ಮಾನ ಆಗಲಿ. ಎಲ್ಲರ ಫೋನೂ ಲಾಕರ್‌ನಲ್ಲಿ ಇರೋದರಿಂದ, ತಪ್ಪಿಸಿಕೊಂಡರೆ ಸೇರೋಕೆ ಒಂದು ಜಾಗ ಗೊತ್ತು ಮಾಡ್ಕೊಳ್ಳಿ. ಮಗುವಿನ ಕೈ ಮೇಲೆ ಪೆನ್ನಲ್ಲಿ ನಂಬರ್ ಬರೆದರೆ ಹತ್ತು ನಿಮಿಷಕ್ಕೆ ಅಳಿಸಿ ಹೋಗುತ್ತೆ. ಬಾಯಿಪಾಠ ಮಾಡಿಸಿ.

ಒಳಗೆ ಹೋದ ಮೇಲೆ

ಪಾರ್ಕ್ ಸಾಮಾನ್ಯವಾಗಿ ಬೆಳಗ್ಗೆ 11ರ ಹೊತ್ತಿಗೆ ತೆರೆಯುತ್ತೆ, ನೀರಿನ ಆಟಗಳು ಅದಾದ ಮೇಲೆ ಶುರು. ಸಂಜೆ ನೀರಿನ ಆಟ ಮೊದಲು ನಿಲ್ಲುತ್ತೆ. ಹೋದ ತಕ್ಷಣ ಎಲ್ಲರೂ ಗೇಟಿನ ಹತ್ತಿರದ ರೈಡ್‌ಗೇ ಮುಗಿಬೀಳ್ತಾರೆ. ನೀವು ಒಳಗಿನ ದೂರದ ಜೋರು ರೈಡ್‌ಗೆ ಮೊದಲು ಹೋಗಿ, ಆ ಹೊತ್ತಲ್ಲಿ ಸಾಲು ಚಿಕ್ಕದು. ಮಧ್ಯಾಹ್ನ ಬಿಸಿಲಲ್ಲಿ ನೀರು. ಸಂಜೆ ಮತ್ತೆ ಒಣ ಆಟ. ಒದ್ದೆ ಬಟ್ಟೆಯಲ್ಲಿ ಒಣ ರೈಡ್ ಹತ್ತಿಸಲ್ಲ ಅನ್ನೋದರಿಂದ ಹಿಂದೆ ಮುಂದೆ ಓಡಾಡಿದರೆ ಬಟ್ಟೆ ಬದಲಾಯಿಸೋದರಲ್ಲೇ ದಿನ ಮುಗಿಯುತ್ತೆ.

ಬಿಪಿ, ಹೃದಯದ ತೊಂದರೆ, ಬೆನ್ನುನೋವು, ಮೂರ್ಛೆ ರೋಗ ಇರೋರು, ಬಸುರಿಯರು, ಇತ್ತೀಚೆಗೆ ಆಪರೇಷನ್ ಆದವರು ಜೋರು ರೈಡ್ ಹತ್ತಬಾರದು. ಬೋರ್ಡಲ್ಲಿ ಬರೆದಿರುತ್ತೆ, ಆದರೆ ಆಪರೇಟರ್‌ಗೆ ನಿಮ್ಮ ಬಿಪಿ ಗೊತ್ತಾಗಲ್ಲ. ‘ಬಾರೋ ಮಾವ, ಹೆದರ್ಕೊಂಡಾ?’ ಅಂತ ಯಾರೂ ಯಾರನ್ನೂ ಎಳೆಯೋದು ಬೇಡ. ಊಟ ಆಗಿ ಒಂದು ಗಂಟೆಯಾದರೂ ಬಿಟ್ಟು ಹತ್ತಿ. ಅಲೆ ಬರೋ ಕೊಳದಲ್ಲಿ ಈಜು ಬಾರದ ಮಕ್ಕಳ ಪಕ್ಕ ದೊಡ್ಡವರೊಬ್ಬರು ಕೈಗೆ ಸಿಗೋ ದೂರದಲ್ಲಿ ಇರಲೇಬೇಕು. ಸೀಟಿ ಊದೋ ಲೈಫ್‌ಗಾರ್ಡ್ ಇದ್ದಾನೆ ಅಂತ ದಡದಲ್ಲಿ ಕೂರಬೇಡಿ.

ಹತ್ತಿರದಲ್ಲೇ ಇನ್ನೇನಿದೆ? ಮಂಗಳವಾರ ಎಚ್ಚರ

ಇಡೀ ದಿನ ಪಾರ್ಕಿಗೇ ಬೇಕು. ಅದೇ ದಿನ ಇನ್ನೊಂದು ಜಾಗ ಸೇರಿಸ್ತೀವಿ ಅಂದರೆ ಎರಡೂ ಕೆಡುತ್ತೆ. ಆದರೆ ಆಟ ಬೇಡ ಅನ್ನೋ ಹಿರಿಯರು ಜೊತೆಗಿದ್ದು, ಗಾಡಿಯೂ ಇದ್ದರೆ, ಅವರನ್ನ ರಾಮನಗರದ ಜಾನಪದ ಲೋಕಕ್ಕೆ ಕಳಿಸಬಹುದು. ಎಚ್.ಎಲ್. ನಾಗೇಗೌಡರು ಕಟ್ಟಿದ್ದು. ಹೆದ್ದಾರಿ ಪಕ್ಕದಲ್ಲೇ 15 ಎಕರೆ. ಒನಕೆ, ಬೀಸೋ ಕಲ್ಲು, ಏತ, ಗಾಣ, ತೊಗಲುಬೊಂಬೆ ಎಲ್ಲ ಇಟ್ಟಿದ್ದಾರೆ. ಅಜ್ಜಿಗೆ ಅದರಲ್ಲಿ ಅರ್ಧ ಸಾಮಾನು ತವರುಮನೆಯಲ್ಲಿ ಕಂಡಿದ್ದೇ, ಮೊಮ್ಮಕ್ಕಳಿಗೆ ಹೇಳೋಕೆ ಬೇಕಾದಷ್ಟು ಇರುತ್ತೆ. ರಾಮದೇವರ ಬೆಟ್ಟ ‘ಶೋಲೆ’ ಸಿನಿಮಾ ತೆಗೆದ ಜಾಗ, 2012ರಿಂದ ರಣಹದ್ದುಗಳ ಅಭಯಾರಣ್ಯ. ಮೆಟ್ಟಿಲು ಹತ್ತೋ ಶಕ್ತಿ ಇದ್ದವರಿಗೆ ಮಾತ್ರ. ಅಂದ ಹಾಗೆ ರಾಮನಗರ ಜಿಲ್ಲೆಗೆ 2025ರಿಂದ ಬೆಂಗಳೂರು ದಕ್ಷಿಣ ಅಂತ ಹೆಸರು, ಬೋರ್ಡ್ ನೋಡಿ ದಾರಿ ತಪ್ಪಿದೆವು ಅಂದ್ಕೋಬೇಡಿ.

ಜಾನಪದ ಲೋಕ, ಬನ್ನೇರುಘಟ್ಟ, ಮೈಸೂರು ಮೃಗಾಲಯ ಮೂರಕ್ಕೂ ಮಂಗಳವಾರ ರಜೆ. ಕ್ಷೌರದ ಅಂಗಡಿಯವರಿಗೆ ವಾರದ ರಜೆಯೇ ಮಂಗಳವಾರ ಆದ್ದರಿಂದ ಈ ಪೆಟ್ಟು ಅವರಿಗೇ ಹೆಚ್ಚು. ಅವರು ಮಂಗಳವಾರ ಪಾರ್ಕಿಗೆ ಹೋಗಿ, ಜನವೂ ಕಡಿಮೆ ಇರುತ್ತೆ.

ಎರಡನೇ ದಿನ: ಟಿಕೆಟ್ ಇಲ್ಲದ ಜಾಗಗಳು

ಪಾರ್ಕಿಗೆ ಅಷ್ಟು ದುಡ್ಡು ಹಾಕಿದ ಮೇಲೆ ಎರಡನೇ ದಿನ ಮನೆ ಹತ್ತಿರವೇ ಆಗಲಿ ಅನ್ನೋರೇ ಜಾಸ್ತಿ. ತುಮಕೂರಿನವರಿಗೆ ದೇವರಾಯನದುರ್ಗ ಇದ್ದೇ ಇದೆ. ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ. ಹೋಗೋ ದಾರಿಯಲ್ಲಿ ನಾಮದ ಚಿಲುಮೆ, ಬಂಡೆಯಿಂದ ನೀರು ಬರೋ ಜಾಗ, ಪಕ್ಕದಲ್ಲಿ ಅರಣ್ಯ ಇಲಾಖೆಯ ಜಿಂಕೆಗಳು. ಕೋತಿಗಳ ಮುಂದೆ ತಿಂಡಿ ಕವರ್ ತೆಗೆಯಬೇಡಿ, ಕತ್ತಲಾಗೋ ಮುಂಚೆ ಇಳಿದುಬಿಡಿ, ಚಿರತೆ ಓಡಾಡೋ ಕಾಡು ಅದು. ವಾಪಸ್ ಬರುವಾಗ ಸಿದ್ಧಗಂಗಾ ಮಠ, ಮಧ್ಯಾಹ್ನದ ಹೊತ್ತಾದರೆ ಅಲ್ಲೇ ದಾಸೋಹ.

ಗುಬ್ಬಿಯಲ್ಲಿ ಚನ್ನಬಸವೇಶ್ವರ ದೇವಸ್ಥಾನ. ಅದೇ ಹೆಸರಲ್ಲಿ 1884ರಲ್ಲಿ ಶುರುವಾದ ನಾಟಕ ಕಂಪನಿಯೇ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾಗಿದ್ದು. ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿದ್ದರು. ಆ ಕಾಲದ ಮಕ್ಕಳಿಗೆ ಅದೇ ವಂಡರ್‌ಲಾ. ಕುಣಿಗಲ್ ಕಡೆ ಯಡಿಯೂರು ಸಿದ್ಧಲಿಂಗೇಶ್ವರ, ಹೆದ್ದಾರಿಯಲ್ಲೇ ಇದೆ, ರೈಲು ನಿಲ್ದಾಣವೂ ಉಂಟು.

ಯಡಿಯೂರಿಗೆ ಹೋದವರು ಅಲ್ಲಿಂದ ಮಾರ್ಕೋನಹಳ್ಳಿ ಜಲಾಶಯಕ್ಕೆ ಹೋಗೋದು ವಾಡಿಕೆ. ಇಲ್ಲಿ ಸ್ವಲ್ಪ ನಿಂತು ಓದಿ.

2025ರ ಅಕ್ಟೋಬರ್ 7ರಂದು ಮಾರ್ಕೋನಹಳ್ಳಿಗೆ ಪ್ರವಾಸ ಬಂದಿದ್ದ ಸಂಬಂಧಿಕರ ಗುಂಪೊಂದು ಜಲಾಶಯದ ಕೆಳಗಡೆ ನೀರಿಗೆ ಇಳಿದಿತ್ತು. ಇದ್ದಕ್ಕಿದ್ದಂತೆ ಸೈಫನ್‌ನಿಂದ ನೀರು ನುಗ್ಗಿತು. ಹೆಂಗಸರು, ಮಕ್ಕಳು ಸೇರಿ ಆರು ಜನ ಹೋದರು. ಅದರಲ್ಲಿ ಒಂದು ಕೂಸೂ ಇತ್ತು. ಅವರೇನೂ ಆಳದ ನೀರಿಗೆ ಹಾರಿದ ಹುಡುಗರಲ್ಲ, ಎಲ್ಲರ ಹಾಗೆ ಕಾಲು ಒದ್ದೆ ಮಾಡ್ಕೊಳ್ಳೋಕೆ ಇಳಿದವರು.

ಮಾರ್ಕೋನಹಳ್ಳಿ ಬೇರೆ ಜಲಾಶಯಗಳಂತಲ್ಲ. ಬೇರೆ ಕಡೆ ಗೇಟ್ ಎತ್ತೋಕೆ ಒಬ್ಬ ಮನುಷ್ಯ ಬೇಕು. ಇಲ್ಲಿರೋದು ತನ್ನಷ್ಟಕ್ಕೆ ತಾನೇ ಕೆಲಸ ಮಾಡೋ ಸೈಫನ್. ಡ್ರಮ್ಮಿಂದ ಸೀಮೆಎಣ್ಣೆ ತೆಗೆಯುವಾಗ ಪೈಪಿಗೆ ಬಾಯಿಟ್ಟು ಒಮ್ಮೆ ಎಳೆದರೆ ಆಮೇಲೆ ತಾನಾಗೇ ಧಾರೆ ಹಿಡಿಯುತ್ತಲ್ಲ, ಅದೇ ತತ್ವ. ನೀರು ಪೂರ್ಣ ಮಟ್ಟ ದಾಟುತ್ತಿದ್ದಂತೆ ಸೈಫನ್ನಿನ ಒಳಗಿನ ಗಾಳಿಯನ್ನ ನೀರೇ ಹೊರಗೆ ಎಳೆದು ಹಾಕುತ್ತೆ, ಗಾಳಿ ಖಾಲಿಯಾದ ಕ್ಷಣ ಪೂರ್ತಿ ರಭಸದಲ್ಲಿ ಹರಿಯೋಕೆ ಶುರು. ಕೋಡಿ ಬಿದ್ದ ಕೆರೆಯಲ್ಲಿ ನೀರು ನಿಧಾನಕ್ಕೆ ಏರೋದು ಕಣ್ಣಿಗೆ ಕಾಣುತ್ತೆ. ಇಲ್ಲಿ ಮೊಣಕಾಲುದ್ದ ಇದ್ದ ನೀರು ಓಡೋಕೆ ಪುರುಸೊತ್ತು ಕೊಡಲ್ಲ.

‘ಮಳೆ ಇಲ್ವಲ್ಲ, ಆಕಾಶ ತಿಳಿಯಾಗಿದೆ’ ಅನ್ನೋ ಲೆಕ್ಕವೂ ಇಲ್ಲಿ ನಡೆಯಲ್ಲ. ಈ ಜಲಾಶಯ ಶಿಂಷಾ ನದಿಯದ್ದು. ಶಿಂಷಾ ಹುಟ್ಟೋದು ದೇವರಾಯನದುರ್ಗದಲ್ಲಿ, ಗುಬ್ಬಿ ತಾಲ್ಲೂಕಿನ ಕಡಬ ಕೆರೆ ಹಾದು, ತುರುವೇಕೆರೆ ಕಡೆಯ ನೀರನ್ನೂ ಸೇರಿಸಿಕೊಂಡು ಕುಣಿಗಲ್ ತಾಲ್ಲೂಕಿಗೆ ಬರುತ್ತೆ. ಗುಬ್ಬಿಯಲ್ಲಿ ರಾತ್ರಿ ಸುರಿದ ಮಳೆ ಆಮೇಲೆ ಮಾರ್ಕೋನಹಳ್ಳಿಯ ನೀರಾಗಿ ನಿಲ್ಲುತ್ತೆ. ಜಲಾಶಯ ತುಂಬಿದೆ ಅಂತ ಸುದ್ದಿ ಬಂದ ಮೇಲೆ, ಅಂದರೆ ಹೆಚ್ಚು ಕಡಿಮೆ ದಸರಾ ರಜೆಯ ಹೊತ್ತಿಗೇ, ಸೈಫನ್ ಕೆಳಗಿನ ಹಳ್ಳಕ್ಕೆ ಇಳಿಯಲೇಬಾರದು. ಏರಿ ಮೇಲಿಂದ ನೋಡಿ, ಫೋಟೊ ತೆಗೆದುಕೊಳ್ಳಿ, ಬನ್ನಿ.

ಕೋಡಿ ಬಿದ್ದ ಕೆರೆಗೂ ಇದೇ ಮಾತು. 2024ರ ಅಕ್ಟೋಬರ್‌ನಲ್ಲಿ ಮೈದಾಳ ಕೆರೆ ಕೋಡಿ ನೋಡೋಕೆ ಹೋಗಿದ್ದ ವಿದ್ಯಾರ್ಥಿನಿಯೊಬ್ಬಳು ಕಾಲು ಜಾರಿ ಬಂಡೆ ಸಂದಿಗೆ ಬಿದ್ದಳು. ಮೇಲೆ ನೀರು ಸುರೀತಾನೇ ಇತ್ತು. ರಾತ್ರಿಯೆಲ್ಲ ಒಳಗೇ ಇದ್ದ ಅವಳನ್ನ ಅಗ್ನಿಶಾಮಕ ದಳದವರು ಮರುದಿನ ಜೀವಂತ ಹೊರಗೆ ತೆಗೆದರು. ಪಕ್ಕದ ಮಂದರಗಿರಿ ಬಸದಿ ಬೆಟ್ಟಕ್ಕೆ ಮಕ್ಕಳ ಜೊತೆ ಹೋಗೋರು ಬಹಳ. ಬೆಟ್ಟ ಹತ್ತಿ, ಬಸದಿ ನೋಡಿ, ನವಿಲುಗರಿ ಕುಂಚದ ಆಕಾರದ ಗುರುಮಂದಿರ ನೋಡಿ. ಕೋಡಿ ಹತ್ತಿರದ ಬಂಡೆಗಳು ಪಾಚಿ ಕಟ್ಟಿರ್ತಾವೆ, ಚಪ್ಪಲಿ ಎಂಥದ್ದಾದರೂ ಹಿಡಿತ ಸಿಗಲ್ಲ.

ಈಜೋ ಆಸೆ, ನೀರಲ್ಲಿ ಬೀಳೋ ಆಸೆ ಮಕ್ಕಳಿಗಿದ್ದರೆ ಅದನ್ನ ಪಾರ್ಕಿನ ದಿನವೇ ತೀರಿಸಿಬಿಡಿ. ಆಳ ಎಷ್ಟು ಅಂತ ಗೋಡೆ ಮೇಲೆ ಬರೆದಿರೋ ನೀರು ಅದೊಂದೇ.

ಹೊರಡೋ ಮುಂಚೆ ಬರೆದಿಟ್ಟುಕೊಳ್ಳಬೇಕಾದ ನಂಬರ್‌ಗಳು: ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ಎಲ್ಲಕ್ಕೂ 112. ರೈಲು ವಿಚಾರಣೆಗೆ 139. ಆನ್‌ಲೈನ್ ವಂಚನೆಗೆ 1930.